ಮೋಟ್ರು ಫ್ಯೂಸ್ ಪದೇ ಪದೇ ಹೋಗ್ತಿದ್ರೆ: ಸುಟ್ಟ ತಂತಿ ಬಿಸಾಕೋ ಮುಂಚೆ ಒಂದ್ಸಲ ನೋಡಿ

ತ್ರೀ ಫೇಸ್ ಬಂತು, ಶೆಡ್ಡಲ್ಲಿ ಆಟೋ ಸ್ಟಾರ್ಟರ್ ಕಟಕ್ ಅಂತು, ಇನ್ನೇನು ಪೈಪಲ್ಲಿ ನೀರು ಬರ್ಬೇಕು ಅನ್ನೋಷ್ಟ್ರಲ್ಲಿ ಟಪ್. ಆಮೇಲೆ ಏನ್ ಮಾಡ್ತೀವಿ? ಫ್ಯೂಸ್ ಕಿತ್ತು, ಸುಟ್ಟ ತಂತಿ ಅಲ್ಲೇ ಕೆಳಗೆ ಎಸ್ದು, ಹೊಸ ತಂತಿ ಕಟ್ಟಿ ಒತ್ತೋದು. ಮತ್ತೆ ಟಪ್. ಈ ಸಲ ಎರಡೆಳೆ ಹಾಕೋದು. ಮೂರನೇ ಸಲಕ್ಕೆ ಸರ್ವೀಸ್ ವೈರಿಂದ ಒಂದ್ ಅಲ್ಯೂಮಿನಿಯಂ ಎಳೆ ಬಿಚ್ಚಿ ಸುತ್ತಿಬಿಡೋದು, "ಈಗ ಹೋಗ್ಲಿ ನೋಡೋಣ" ಅಂತ. ಫ್ಯೂಸ್ ಹೋಗಲ್ಲ, ಮೋಟ್ರು ಹೋಗತ್ತೆ.

ನಾನು ತಿಪಟೂರು ಕಡೆ ವೈಂಡಿಂಗ್ ಮತ್ತೆ ಪಂಪ್‌ಸೆಟ್ ರಿಪೇರಿ ಕೆಲ್ಸ ಮಾಡೋನು. ಬೋರಿಂದ ಮೋಟ್ರು ಎತ್ತಿಸಿ ಟ್ರ್ಯಾಕ್ಟರಲ್ಲಿ ಹಾಕ್ಕೊಂಡು ಬರ್ತಾರೆ, ಬಿಚ್ಚಿ ನೋಡಿದ್ರೆ ವೈಂಡಿಂಗ್ ಚೆನ್ನಾಗೇ ಇರತ್ತೆ, ತೊಂದ್ರೆ ಇದ್ದದ್ದು ಮೇಲೆ ಶೆಡ್ಡಲ್ಲಿ ಒಂದು ಲೂಸ್ ಸ್ಕ್ರೂ. ಎತ್ತಿ ಇಳ್ಸೋ ಖರ್ಚು ದಂಡ. ಸುಟ್ಟ ಫ್ಯೂಸ್ ಇದೆಯಲ್ಲ, ತಪ್ಪು ಎಲ್ಲಿದೆ ಅಂತ ಮುಕ್ಕಾಲು ಪಾಲು ಅದೇ ಹೇಳಿಬಿಡತ್ತೆ. ಅದಕ್ಕೇ ಇದನ್ನ ಬರೀತಿರೋದು.

ಫ್ಯೂಸಿಗೆ ಕೈ ಹಾಕೋ ಮುಂಚೆ

ಆಟೋ ಸ್ಟಾರ್ಟರ್ ಇದ್ರೆ ಮೊದಲು ಅದನ್ನ ಮ್ಯಾನ್ಯುಯಲ್‌ಗೆ ಹಾಕಿ. ಕರೆಂಟ್ ಇಲ್ಲ ಅಂದ್ಕೊಂಡು ಕೈ ಹಾಕಿರ್ತೀರ, ಅಷ್ಟ್ರಲ್ಲಿ ಸಪ್ಲೈ ಬರತ್ತೆ, ಅದು ಯಾರನ್ನೂ ಕೇಳ್ದೆ ಸ್ಟಾರ್ಟ್ ಮಾಡತ್ತೆ. ಆಮೇಲೆ ಮೇನ್ ಸ್ವಿಚ್ ಹ್ಯಾಂಡಲ್ ಇಳ್ಸಿ. ಹ್ಯಾಂಡಲ್ ಇಳೀತು ಅಂದ್ರೆ ಮೂರೂ ಬ್ಲೇಡ್ ಬಿಟ್ಟಿವೆ ಅಂತ ನಂಬ್ಬೇಡಿ, ಹಳೇ ಸ್ವಿಚ್‌ಗಳಲ್ಲಿ ಒಂದು ಬ್ಲೇಡ್ ಅಂಟ್ಕೊಂಡೇ ಉಳಿಯೋದು ನಾನೇ ಬೇಕಾದಷ್ಟು ನೋಡಿದೀನಿ, ಮೂರೂ ಕಡೆ ಟೆಸ್ಟ್ ಮಾಡೇ ಮುಟ್ಟಿ. ಮೀಟರ್ ಪಕ್ಕದ ಕಟೌಟ್ ಫ್ಯೂಸ್ ನಿಮ್ಮ ಮೇನ್ ಸ್ವಿಚ್‌ಗಿಂತ ಹಿಂದಿರತ್ತೆ, ಸ್ವಿಚ್ ಇಳ್ಸಿದ್ರೂ ಅದರಲ್ಲಿ ಕರೆಂಟ್ ಇದ್ದೇ ಇರತ್ತೆ, ಅದು ಲೈನ್‌ಮನ್ ಕೆಲ್ಸ. ನೀರು ಕಟ್ಟಿ ಬಂದ ಒದ್ದೆ ಕಾಲಲ್ಲಿ ಶೆಡ್ಡೊಳಗೆ ಹೋಗೋದು ಬೇಡವೇ ಬೇಡ.

ಇನ್ನೊಂದು ರೂಲ್, ಇದು ನಮ್ಮ ಅಂಗಡಿದು. ಸರಿಯಾದ ತಂತಿ ಹಾಕಿ ಒಂದ್ಸಲ ಟ್ರೈ ಮಾಡ್ಬೋದು. ಎರಡನೇ ಸಲ ಹೋಯ್ತಾ, ನಿಲ್ಸಿ, ಕಾರಣ ಹುಡುಕಿ.

ತಂತಿ ಮಧ್ಯದಲ್ಲಿ ತುಂಡಾಗಿದೆ, ತುದೀಲಿ ಸಣ್ಣ ಮಣಿ ಇದೆ, ಪಿಂಗಾಣಿ ಬೆಳ್ಳಗೇ ಇದೆ

ಇದು ಓವರ್‌ಲೋಡ್ ಗುರುತು. ತಂತಿ ನಿಧಾನಕ್ಕೆ ಕಾದು ಮಧ್ಯದಲ್ಲಿ ಕರಗಿದೆ. ಮಧ್ಯದಲ್ಲೇ ಯಾಕೆ ಅಂದ್ರೆ ಎರಡೂ ತುದೀಲಿ ಸ್ಕ್ರೂ ಮತ್ತೆ ಪಟ್ಟಿ ಶಾಖ ಎಳ್ಕೊಳ್ತವೆ. ಕರಗಿದ ತಾಮ್ರ ಎರಡೂ ಕಡೆ ಗುಂಡಗೆ ಮಣಿ ಕಟ್ಟತ್ತೆ. ಇಷ್ಟಿದ್ರೆ ಭಯ ಬೇಡ, ಶಾರ್ಟ್ ಅಲ್ಲ.

ಖರ್ಚಿಲ್ಲದ ಪರೀಕ್ಷೆ ಮೊದಲು. ಹಾಕಿದ್ದ ತಂತಿ ಎಷ್ಟರದು? ತವರದ ಲೇಪ ಇರೋ ತಾಮ್ರದ ತಂತಿ 0.5 ಎಂಎಂ ಇದ್ರೆ 15 ಆಂಪಿಗೆ, 0.6 ಎಂಎಂ 20 ಆಂಪಿಗೆ, 0.85 ಎಂಎಂ 30 ಆಂಪಿಗೆ. 5 ಎಚ್‌ಪಿ ಮೋಟ್ರು ಓಡುವಾಗ ಹೆಚ್ಚುಕಮ್ಮಿ 7.5 ಆಂಪ್ ಎಳೆಯತ್ತೆ, ಬೋರ್ ಮೋಟ್ರು ಇನ್ನೊಂಚೂರು ಜಾಸ್ತಿ, ಆದ್ರೆ ಡೈರೆಕ್ಟ್ ಸ್ಟಾರ್ಟ್ ಮಾಡುವಾಗ ಅದರ ಆರು ಪಟ್ಟು, ಅಂದ್ರೆ 45 ಆಂಪ್ ದಾಟತ್ತೆ, ಒಂದೆರಡು ಸೆಕೆಂಡ್ ಮಾತ್ರ. ಅದಕ್ಕೇ ಫ್ಯೂಸು ಓಡೋ ಕರೆಂಟಿಗಿಂತ ದೊಡ್ಡದಿರತ್ತೆ. ಸ್ಟಾರ್ಟರ್ ಜೊತೆ ಬರೋ ಚಾರ್ಟಲ್ಲಿ ನಿಮ್ಮ ಎಚ್‌ಪಿಗೆ ಯಾವ ಫ್ಯೂಸ್ ಅಂತ ಹಾಕಿರ್ತಾರೆ, ಅದನ್ನ ಶೆಡ್ಡಿನ ಗೋಡೆಗೆ ಅಂಟಿಸ್ಕೊಳಿ. ಓವರ್‌ಲೋಡ್ ನೋಡ್ಕೊಳೋ ಕೆಲ್ಸ ಸ್ಟಾರ್ಟರಲ್ಲಿರೋ ರಿಲೇದು, ಶಾರ್ಟ್ ಆದಾಗ ಕತ್ತರಿಸೋದು ಫ್ಯೂಸಿಂದು. ಓವರ್‌ಲೋಡಿಗೇ ಫ್ಯೂಸ್ ಹೋಗ್ತಿದೆ ಅಂದ್ರೆ ರಿಲೇ ಮಲಗಿದೆ ಅಥವಾ ಯಾರೋ ಅದನ್ನ ಕೊನೇವರೆಗೂ ತಿರುಗಿಸಿಟ್ಟಿದಾರೆ. ಸ್ಕ್ರೂಡ್ರೈವರ್ ತಗೊಂಡು ಮೋಟ್ರು ಪ್ಲೇಟಲ್ಲಿರೋ ಆಂಪಿಗೆ ಸೆಟ್ ಮಾಡಿ.

ಆಮೇಲೆ ವೋಲ್ಟೇಜ್. ನಮ್ಮ ಕಡೆ ಇದೇ ದೊಡ್ಡ ಕಾಯಿಲೆ. ತ್ರೀ ಫೇಸ್ ಬಂದ ಕ್ಷಣ ಆ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿರೋ ಎಲ್ಲಾ ಆಟೋ ಸ್ಟಾರ್ಟರೂ ಒಟ್ಟಿಗೆ ಎಳೀತವೆ, ವೋಲ್ಟೇಜ್ ಕುಸಿಯತ್ತೆ, ಎರಡು ಸೆಕೆಂಡಲ್ಲಿ ಎದ್ದೇಳ್ಬೇಕಾದ ಮೋಟ್ರು ಎಂಟು ಸೆಕೆಂಡ್ ತಡಕಾಡತ್ತೆ, ಅಷ್ಟೂ ಹೊತ್ತು ಸ್ಟಾರ್ಟಿಂಗ್ ಕರೆಂಟೇ ಹರೀತಿರತ್ತೆ, ತಂತಿ ಕರಗತ್ತೆ. ಮಧ್ಯಾಹ್ನ ಒಬ್ಬರೇ ಸ್ಟಾರ್ಟ್ ಮಾಡಿದ್ರೆ ಏನೂ ಆಗಲ್ಲ. ಹಿಂಗಿದ್ರೆ ಮದ್ದು ಸುಲಭ, ಅಕ್ಕಪಕ್ಕದವರ ಜೊತೆ ಮಾತಾಡ್ಕೊಂಡು ಟೈಮರ್ ಒಬ್ಬರದು ಒಂದು ನಿಮಿಷಕ್ಕೆ, ಇನ್ನೊಬ್ಬರದು ಮೂರಕ್ಕೆ, ಹಿಂಗೆ ಬೇರೆ ಬೇರೆ ಮಾಡ್ಕೊಳೋದು.

ವೋಲ್ಟೇಜೂ ಸರಿ, ರಿಲೇನೂ ಸರಿ ಅಂದ್ರೆ ಕ್ಲ್ಯಾಂಪ್ ಮೀಟರ್ ಹಾಕಿ ಎಷ್ಟು ಆಂಪ್ ಎಳೀತಿದೆ ಅಂತ ನೋಡ್ಬೇಕು. ಮೂರೂ ಫೇಸಲ್ಲಿ ಒಂದೇ ಸಮ ಜಾಸ್ತಿ ಇದ್ರೆ ಪಂಪಿನ ಕಡೆ, ಮರಳು ತುಂಬಿರ್ಬೋದು, ಬುಷ್ ಹಿಡ್ದಿರ್ಬೋದು. ಒಂದರಲ್ಲಿ ಮಾತ್ರ ಜಾಸ್ತಿ ಅಂದ್ರೆ ವೈಂಡಿಂಗ್ ಕಡೆ ಅಥವಾ ಸಪ್ಲೈ ಕಡೆ.

ಹಾಂ, ಒಂದು ಬಿಟ್ಟೆ. ಯಾವ ತೊಂದ್ರೆನೂ ಇಲ್ದೆ ತಂತಿ ತಾನೇ ಸಾಯೋದೂ ಉಂಟು. ದಿನಾ ಸ್ಟಾರ್ಟ್ ಆದಾಗೆಲ್ಲ ಕಾದು ಕಾದು, ಗಾಳಿಗೆ ಕಪ್ಪಾಗಿ, ಒಳಗೇ ಸಣ್ಣ ಆಗತ್ತೆ. ವರ್ಷಗಟ್ಲೆ ಇದ್ದ ತಂತಿ ಹೋಗಿದ್ರೆ, ಹೊಸದು ಹಾಕಿದ್ಮೇಲೆ ಸುಮ್ನಿದ್ರೆ, ಅಷ್ಟೇ ಕತೆ.

ತಂತಿ ಸ್ಕ್ರೂ ಹತ್ರನೇ ಸುಟ್ಟಿದೆ, ಫ್ಯೂಸ್ ಹೋಲ್ಡರ್ ಬಿಸಿ, ಸುಟ್ಟ ವಾಸನೆ

ಲೂಸ್ ಕಾಂಟ್ಯಾಕ್ಟ್, ಬೇರೇನೂ ಅಲ್ಲ. ಒಂದೇ ಫೇಸಿನ ಫ್ಯೂಸ್ ಪದೇ ಪದೇ ಹೋಗ್ತಿದ್ರೂ ಮೊದಲು ಇಲ್ಲೇ ನೋಡಿ. ಆಫ್ ಮಾಡಿ, ಪಟ್ಟಿ ತೆಗ್ದು ಹಸಿರು ಕಿಲುಬು ಇದ್ರೆ ಮರಳು ಪೇಪರಲ್ಲಿ ಉಜ್ಜಿ, ಕ್ಲಿಪ್ಪು ಸಡಿಲ ಆಗಿದ್ರೆ ಬಗ್ಗಿಸಿ ಬಿಗಿ ಮಾಡೋ ಸರ್ಕಸ್ ಬೇಡ, ಬದಲಾಯಿಸಿ. ಒಂದ್ಸಲ ಕೆಂಪಗೆ ಕಾದ ಹಿತ್ತಾಳೆ ಕ್ಲಿಪ್ಪು ಮತ್ತೆ ಸ್ಪ್ರಿಂಗ್ ತರ ಹಿಡಿಯಲ್ಲ. ಅಲ್ಯೂಮಿನಿಯಂ ವೈರನ್ನ ಲಗ್ (ವೈರ್ ತುದಿಗೆ ಹಾಕೋ ಲೋಹದ ತುಂಡು) ಇಲ್ದೆ ತಾಮ್ರದ ಟರ್ಮಿನಲ್ಲಿಗೆ ಸುತ್ತಿದ್ರೆ ಅದು ವರ್ಷಕ್ಕೊಂದ್ಸಲ ಸುಡೋದು ಗ್ಯಾರಂಟಿ.

ತಂತಿ ಕಟ್ಟುವಾಗ ಸ್ಕ್ರೂ ತಿರುಗೋ ದಿಕ್ಕಿಗೇ ಸುತ್ತಿ, ಜಾಸ್ತಿ ಬಿಗಿದು ತಂತಿ ಚಪ್ಪಟೆ ಆದ್ರೆ ಅದೇ ಜಾಗದಲ್ಲಿ ಅದು ತುಂಡಾಗತ್ತೆ, ಆಮೇಲೆ ಓವರ್‌ಲೋಡ್ ಅಂತ ಮೋಟ್ರನ್ನ ಬೈತೀರ.

ತಂತಿನೇ ಇಲ್ಲ, ಪಿಂಗಾಣಿ ಮೇಲೆ ಕಪ್ಪು ಮಸಿ, ತಾಮ್ರ ಎರಚಿದ ಹಂಗೆ ಚುಕ್ಕಿ

ಇಲ್ಲಿ ನಿಲ್ಲಿ. ಇದು ಶಾರ್ಟ್. ತಂತಿ ಕರಗಿಲ್ಲ, ಆವಿ ಆಗಿದೆ.

ಎಲ್ಲರೂ ಅಂದ್ಕೊಳೋದು ತಂತಿ ಕರಗಿದ ಕ್ಷಣ ಕರೆಂಟ್ ನಿಂತುಹೋಗತ್ತೆ ಅಂತ. ನಿಲ್ಲಲ್ಲ. ತಂತಿ ತುಂಡಾದ ಜಾಗದಲ್ಲಿ ಕಿಡಿ ಹತ್ತತ್ತೆ, ವೆಲ್ಡಿಂಗ್ ಮಾಡುವಾಗ ಕಾಣತ್ತಲ್ಲ ಅದೇ ತರದ್ದು, ಆ ಕಿಡಿ ಒಳಗಿಂದ ಕರೆಂಟ್ ಹರೀತಾನೇ ಇರತ್ತೆ. ಕಿಡಿ ಆರಿದ್ರೇನೇ ಫ್ಯೂಸ್ ಕೆಲ್ಸ ಮುಗಿದಂಗೆ. ಸಣ್ಣ ಓವರ್‌ಲೋಡಲ್ಲಿ ಕಿಡಿ ಬಡವಾಗಿರತ್ತೆ, ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಇರೋದ್ರಿಂದ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಬರತ್ತೆ, ಅಲ್ಲಿ ಆರಿಹೋಗತ್ತೆ. ಶಾರ್ಟಲ್ಲಿ ಸಾವಿರಗಟ್ಲೆ ಆಂಪ್ ಹರಿಯುವಾಗ ತಾಮ್ರದ ಆವಿನೇ ಕರೆಂಟಿಗೆ ದಾರಿ ಆಗಿಬಿಡತ್ತೆ. ಪಿಂಗಾಣಿ ಮೇಲಿನ ಮಸಿ ಅದರದ್ದೇ ಗುರುತು. ಆ ಮಸಿ ಒರೆಸ್ದೆ ಹೊಸ ತಂತಿ ಕಟ್ಟಿದ್ರೆ ಮುಂದಿನ ಸಲ ಕಿಡಿ ಆ ಮಸಿ ಮೇಲೇ ಓಡತ್ತೆ, ಆ ಕ್ಯಾರಿಯರ್ (ತಂತಿ ಕಟ್ಟೋ ಪಿಂಗಾಣಿ ತುಂಡು) ಎಸೀರಿ.

ಈಗ ಶಾರ್ಟ್ ಎಲ್ಲಿದೆ? ಇದಕ್ಕೆ ಒಂದು ಒಳ್ಳೇ ಸುಳಿವಿದೆ. 500 ಅಡಿ ಬೋರಲ್ಲಿ 4 ಸ್ಕ್ವೇರ್ ಎಂಎಂ ಕೇಬಲ್ ಇಳಿದಿದೆ ಅಂದ್ಕೊಳಿ, ಮೋಟ್ರು ಹತ್ರ ಎರಡು ಫೇಸ್ ಸೇರ್ಕೊಂಡ್ರೆ ಹೋಗಿ ಬರೋ ಕೇಬಲ್ಲಿನ ರೆಸಿಸ್ಟೆನ್ಸೇ ಸುಮಾರು ಒಂದೂವರೆ ಓಮ್, 415 ವೋಲ್ಟಿಗೆ ಲೆಕ್ಕ ಹಾಕಿದ್ರೆ 275–300 ಆಂಪ್ ಅಷ್ಟೇ. ಅದೇ ಶಾರ್ಟು ಶೆಡ್ಡಲ್ಲಿ ಸ್ಟಾರ್ಟರ್ ಒಳಗೇ ಆದ್ರೆ ಇದರ ಎಷ್ಟೋ ಪಟ್ಟು. ಅಂದ್ರೆ ಸದ್ದು ಬಂದೂಕಿನಂಗೆ ಬಂದು ಮಸಿ ಜಾಸ್ತಿ ಇದ್ರೆ ತಪ್ಪು ಹತ್ರ ಇದೆ, ಟಪ್ ಅಂತ ಸಣ್ಣಗೆ ಹೋಗಿ ಮಸಿ ಕಮ್ಮಿ ಇದ್ರೆ ಬೋರ್ ಕೆಳಗೆ ಇರ್ಬೋದು. ಇದೇ ಕೊನೆ ಮಾತಲ್ಲ, ಆದ್ರೆ ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು ಅಂತ ಹೇಳತ್ತೆ.

ಯಾವಾಗ ಹೋಯ್ತು ಅನ್ನೋದೂ ಮುಖ್ಯ. ಸ್ಟಾರ್ಟರ್ ಒತ್ತೋ ಮುಂಚೆ, ಮೇನ್ ಸ್ವಿಚ್ ಏರಿಸಿದ ಕೂಡ್ಲೇ ಹೋದ್ರೆ ಶಾರ್ಟ್ ಇರೋದು ಫ್ಯೂಸಿಂದ ಸ್ಟಾರ್ಟರ್ ನಡುವೆ. ಆಫ್ ಮಾಡಿ ಟಾರ್ಚ್ ಹಾಕಿ ನೋಡಿ, ಇಲಿ ಕಚ್ಚಿದ ವೈರು, ಸ್ಟಾರ್ಟರೊಳಗೆ ಸತ್ತ ಹಲ್ಲಿ, ಇರುವೆ ಗೂಡು. ನಗಬೇಡಿ, ಹಲ್ಲಿ ಎರಡು ಫೇಸ್ ಮಧ್ಯೆ ಬಿದ್ದು ಸತ್ತಿರೋದನ್ನ ಪ್ರತಿ ಮಳೆಗಾಲ ನೋಡ್ತೀನಿ. ಸ್ಟಾರ್ಟರ್ ಒತ್ತಿದ ಮೇಲೆ ಹೋದ್ರೆ, ಸ್ಟಾರ್ಟರಿಂದ ಬೋರಿಗೆ ಹೋಗೋ ಮೂರೂ ವೈರ್ ಬಿಚ್ಚಿಟ್ಟು, ಆ ತುದಿಗಳನ್ನ ಯಾವುದಕ್ಕೂ ತಗುಲದಂಗೆ ದೂರ ಇಟ್ಟು, ಖಾಲಿ ಸ್ಟಾರ್ಟರ್ ಒಂದ್ಸಲ ಹಾಕಿ ನೋಡ್ಬೋದು. ಫ್ಯೂಸ್ ನಿಂತ್ರೆ ತಪ್ಪು ಕೇಬಲ್ ಅಥವಾ ಮೋಟ್ರಲ್ಲಿ. ಇದು ಕೆಲ್ಸ ಗೊತ್ತಿರೋರು ಮಾಡೋದು, ನಿಮಗೆ ಅನುಮಾನ ಇದ್ರೆ ಇಲ್ಲೇ ನಿಲ್ಸಿ ಮೆಕ್ಯಾನಿಕ್ ಕರೀರಿ.

ಮುಂದಿನದು ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಕೆಲ್ಸ. 500 ವೋಲ್ಟ್ ಮೆಗ್ಗರಲ್ಲಿ ಬಿಚ್ಚಿದ ಕೇಬಲ್ಲಿಂದ ಅರ್ತಿಗೆ ನೋಡಿ, ಒಂದು ಮೆಗಾ ಓಮಿಗಿಂತ ಕಮ್ಮಿ ಬಂದ್ರೆ ಮತ್ತೆ ಕರೆಂಟ್ ಕೊಡೋ ಮಾತೇ ಇಲ್ಲ. ಬಾವಿ ಬಾಯಿ ಹತ್ರ ಜಾಯಿಂಟ್ ಇದ್ರೆ ಅದನ್ನ ಬಿಚ್ಚಿ ಎರಡೂ ಕಡೆ ಬೇರೆ ಬೇರೆ ನೋಡಿ, ಮೋಟ್ರು ಎತ್ತೋ ಮುಂಚೆ.

ಫ್ಯೂಸ್ ಹೋಗಿದ್ದಲ್ಲ, ಫ್ಯೂಸ್ ಕ್ಯಾರಿಯರೇ ಸಿಡಿದುಹೋಗಿದೆ

ನಾನು ಕೆಲ್ಸ ಕಲೀತಿದ್ದಾಗ ಒಂದು ಅಕ್ಕಿ ಗಿರಣಿಗೆ ಹೋಗಿದ್ವಿ, ಗಿರಣಿ ಪಕ್ಕದಲ್ಲೇ ದೊಡ್ಡ ಟಿಸಿ. ಬೋರ್ಡಲ್ಲಿ ಕಿಟ್‌ಕ್ಯಾಟ್ ಫ್ಯೂಸ್ (ಇದೇ ತಂತಿ ಕಟ್ಟೋ ಪಿಂಗಾಣಿ ಫ್ಯೂಸ್) ಇದ್ದ ಜಾಗ ಖಾಲಿ, ಎದುರಿಗಿನ ಮರದ ಬಾಗಿಲಲ್ಲಿ ಬಿಳಿ ಪಿಂಗಾಣಿ ಚೂರು ಬೆರಳು ಉಗುರಷ್ಟು ಒಳಗೆ ಹೊಕ್ಕಿತ್ತು. ಒತ್ತಿದೋನು ಪಕ್ಕಕ್ಕೆ ನಿಂತಿದ್ದ, ಬದುಕ್ದ. ಫ್ಯೂಸ್ ತಂತಿ ಮಾತ್ರ ಸರಿಯಾದ ಆಂಪಿಂದೇ ಇತ್ತು.

ಅಲ್ಲೇ ಜನ ಎಡವೋದು. ಫ್ಯೂಸಿಗೆ ಎರಡು ಲೆಕ್ಕ ಇದೆ. ಎಷ್ಟು ಆಂಪ್ ಹೊರತ್ತೆ ಅನ್ನೋದು ಒಂದು, ಎಷ್ಟು ಆಂಪಿನ ಶಾರ್ಟನ್ನ ಸಿಡೀದೆ ಕತ್ತರಿಸತ್ತೆ ಅನ್ನೋದು ಇನ್ನೊಂದು. ಎರಡನೇದನ್ನ ಯಾರೂ ಕೇಳಲ್ಲ. ಕಿಟ್‌ಕ್ಯಾಟ್ ಫ್ಯೂಸಿಗೆ ಅದು ಸಾಮಾನ್ಯವಾಗಿ 2ರಿಂದ 4 ಸಾವಿರ ಆಂಪ್. ಈಗ ಟಿಸಿ ಎಷ್ಟು ಕೊಡ್ಬಲ್ಲದು ನೋಡಿ. 25 ಕೆವಿಎ ಟಿಸಿಯ ಪೂರ್ತಿ ಲೋಡ್ 33 ಆಂಪ್, ಇಂಪೆಡೆನ್ಸ್ 4.5 ಪರ್ಸೆಂಟ್ ಅಂತಿಟ್ಕೊಂಡ್ರೆ ಅದರ ಬುಡದಲ್ಲೇ ಶಾರ್ಟ್ ಆದ್ರೂ ಸುಮಾರು 740 ಆಂಪ್. 100 ಕೆವಿಎಗೆ 3 ಸಾವಿರದ ಹತ್ರ. 500 ಕೆವಿಎಗೆ ಹೆಚ್ಚುಕಮ್ಮಿ 15 ಸಾವಿರ. ಹೊಲದಲ್ಲಿ ಟಿಸಿಯಿಂದ ದೂರ ಇರೋ ಶೆಡ್ಡಲ್ಲಿ ಕಿಟ್‌ಕ್ಯಾಟ್ ಹೆಂಗೋ ಬದುಕತ್ತೆ, ಗಿರಣಿ, ಅಪಾರ್ಟ್‌ಮೆಂಟ್, ಕ್ರಷರ್ ಇಂಥಾ ಕಡೆ ಅದು ಪಟಾಕಿ.

ಅಂಥಾ ಕಡೆ ಎಚ್‌ಆರ್‌ಸಿನೇ ಬೇಕು, ಅಂದ್ರೆ ದೊಡ್ಡ ಶಾರ್ಟನ್ನೂ ಸಿಡೀದೆ ಕತ್ತರಿಸೋ ಫ್ಯೂಸ್. ಹೊರಗೆ ಪಿಂಗಾಣಿ ಕೊಳವೆ, ಎರಡು ಕಡೆ ಲೋಹದ ಮುಚ್ಚಳ, ಮೈಮೇಲೆ ನೋಡಿದ್ರೆ 80 ಕೆಎ ಅಂತ ಬರ್ದಿರತ್ತೆ, 80 ಸಾವಿರ ಆಂಪ್ ಕತ್ತರಿಸತ್ತೆ ಅಂತ. ಹೋಗಿರೋ ಒಂದನ್ನ ಸುತ್ತಿಗೇಲಿ ಒಡೆದು ನೋಡಿ, ಚೆನ್ನಾಗಿರತ್ತೆ. ಒಳಗೆ ಸಕ್ಕರೆ ಹರಳಿನಂಥ ಬಿಳಿ ಮರಳು ಸುರಿಯತ್ತೆ, ಅದರ ನಡುವೆ ಬೆಳ್ಳಿ ಅಥವಾ ತಾಮ್ರದ ತೆಳು ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಸೊಂಟದಂಗೆ ಸಣ್ಣ ಮಾಡಿರೋ ಜಾಗಗಳು. ಶಾರ್ಟ್ ಆದಾಗ ಆ ಸಣ್ಣ ಜಾಗಗಳೆಲ್ಲ ಒಟ್ಟಿಗೇ ಕರಗ್ತವೆ, ಒಂದು ಕಿಡಿ ಬದಲು ಸಾಲಾಗಿ ನಾಲ್ಕೈದು ಕಿಡಿ, ಪ್ರತಿಯೊಂದೂ ತನ್ನ ಪಾಲಿನ ವೋಲ್ಟೇಜ್ ತಿನ್ನತ್ತೆ, ಎಲ್ಲಾ ಸೇರಿ ಲೈನ್ ವೋಲ್ಟೇಜನ್ನೇ ಮೀರಿಸಿದಾಗ ಕರೆಂಟ್ ಏರೋದು ನಿಂತು ಇಳಿಯೋಕೆ ಶುರು ಮಾಡತ್ತೆ. ಮರಳು ಆ ಶಾಖವನ್ನ ನುಂಗಿ ತಾನೇ ಕರಗಿ ಗಾಜಿನ ಕಡ್ಡಿ ತರ ಗಟ್ಟಿ ಆಗತ್ತೆ. ಕರೆಂಟ್ ತುದಿಗೆ ಏರೋಕೆ 5 ಮಿಲಿಸೆಕೆಂಡ್ ಬೇಕು, ದೊಡ್ಡ ಶಾರ್ಟಲ್ಲಿ ಎಚ್‌ಆರ್‌ಸಿ ಅದಕ್ಕೂ ಮುಂಚೆನೇ ಅದರ ಕತ್ತು ಹಿಚುಕಿರತ್ತೆ, ಹಂಗಾಗಿ ವೈರು ಸ್ಟಾರ್ಟರ್ ಪೂರ್ತಿ ಹೊಡ್ತ ತಿನ್ನೋದೇ ಇಲ್ಲ.

ತಾಮ್ರದ ಪಟ್ಟಿ ಮೇಲೆ ಒಂದು ಕಡೆ ಬೂದು ಬಣ್ಣದ ಬೊಟ್ಟು ಕಾಣತ್ತೆ, ಅದು ತವರ. ತಾಮ್ರ ಕರಗೋಕೆ 1085 ಡಿಗ್ರಿ ಬೇಕು, ತವರ 232ಕ್ಕೇ ಕರಗಿ ತಾಮ್ರದೊಳಗೆ ಬೆರೆತು ಅದನ್ನೂ ಕರಗಿಸತ್ತೆ. ಸಣ್ಣ ಓವರ್‌ಲೋಡಿಗೆ ಕೊಳವೆ ಪೂರ್ತಿ ಕಾಯೋದು ಬೇಡ ಅಂತ ಮಾಡಿರೋ ಉಪಾಯ. ಒಡೆದಾಗ ಬೊಟ್ಟಿನ ಹತ್ರ ಮಾತ್ರ ತುಂಡಾಗಿದ್ರೆ ಓವರ್‌ಲೋಡ್, ಪಟ್ಟಿ ಉದ್ದಕ್ಕೂ ಮರಳು ಗಟ್ಟಿಯಾಗಿದ್ರೆ ಶಾರ್ಟ್.

ಇನ್ನು ದಪ್ಪ ತಂತಿ ವಿಷ್ಯ. ವಿಲಿಯಂ ಪ್ರೀಸ್ ಅನ್ನೋ ಬ್ರಿಟಿಷ್ ಎಂಜಿನಿಯರ್ 1880ರ ದಶಕದಲ್ಲೇ ಲೆಕ್ಕ ಹಾಕಿಟ್ಟಿದಾರೆ, ತಂತಿ ದಪ್ಪ ಎರಡರಷ್ಟು ಮಾಡಿದ್ರೆ ಕರಗೋ ಕರೆಂಟ್ ಹೆಚ್ಚುಕಮ್ಮಿ 2.8 ಪಟ್ಟಾಗತ್ತೆ. 15 ಆಂಪಿನ 0.5 ಎಂಎಂ ತಂತಿನೇ ಕರಗೋದು 28 ಆಂಪ್ ಹತ್ರ, ಅದರ ಜಾಗದಲ್ಲಿ 1 ಎಂಎಂ ಹಾಕಿದ್ರೆ 80 ಆಂಪ್. ಮೇಲೆ ಹೇಳಿದ 275 ಆಂಪಿನ ಬೋರ್ ಶಾರ್ಟಿಗೆ ಅದು ನಿಧಾನಕ್ಕೆ ಕರಗುತ್ತಾ ಕೂತಿದ್ರೆ ಅಷ್ಟೂ ಹೊತ್ತು ಬೇಯೋದು ನಿಮ್ಮ ಕೇಬಲ್.

ಎಚ್‌ಆರ್‌ಸಿ ನೋಡೋಕೆ ಸರಿ ಇದೆ, ಟೆಸ್ಟರೂ ಮೂರೂ ಕಡೆ ಉರಿಯತ್ತೆ, ಮೋಟ್ರು ಮಾತ್ರ ಗುಂಯ್ ಅಂತಿದೆ

ಗುಂಯ್ ಕೇಳಿದ ತಕ್ಷಣ ಆಫ್ ಮಾಡಿ, ಆಮೇಲೆ ಓದಿ. ಒಂದು ಫೇಸ್ ಇಲ್ಲ. ನಿಂತಲ್ಲೇ ಸ್ಟಾರ್ಟಿಂಗ್ ಕರೆಂಟ್ ಎಳೀತಿದೆ, ವೈಂಡಿಂಗಿಗೆ ನಿಮಿಷಗಳ ಲೆಕ್ಕ. ಓಡ್ತಿರುವಾಗ ಒಂದು ಫ್ಯೂಸ್ ಹೋದ್ರೆ ಓಡ್ತಾನೇ ಇರತ್ತೆ, ಆದ್ರೆ ಉಳಿದ ಎರಡು ಫೇಸ್ ಸುಮಾರು 1.7 ಪಟ್ಟು ಎಳೀತವೆ.

ಟೆಸ್ಟರ್ ಮೋಸ ಮಾಡೋದು ಇಲ್ಲೇ. ಫ್ಯೂಸ್ ಹೋಗಿದ್ರೂ ಬೇರೆ ಫೇಸಿನ ಕರೆಂಟ್ ಮೋಟ್ರು ವೈಂಡಿಂಗ್ ಮೂಲಕ ಸುತ್ತಿ ಬಂದು ಆ ತುದೀಲೂ ಟೆಸ್ಟರ್ ಉರಿಸತ್ತೆ. ಸ್ಟಾರ್ಟರ್ ಕಾಯಿಲ್ ಇರೋದು ಎರಡು ಫೇಸ್ ಮಧ್ಯೆ, ಹೋಗಿರೋದು ಮೂರನೇದಾದ್ರೆ ಸ್ಟಾರ್ಟರೂ ಬಿಡಲ್ಲ. ಅದಕ್ಕೇ ಎಲ್ಲಾ ಆಫ್ ಮಾಡಿ, ಮೂರೂ ಫ್ಯೂಸ್ ಹೊರಗೆ ತೆಗ್ದು ಮಲ್ಟಿಮೀಟರಲ್ಲಿ ಕಂಟಿನ್ಯುಟಿ ನೋಡಿ, ಅದೇ ನಂಬೋ ಪರೀಕ್ಷೆ. ಶಾರ್ಟಿಂದ ಒಂದು ಹೋಗಿದ್ರೆ ಮೂರನ್ನೂ ಬದಲಾಯಿಸಿ, ಉಳಿದೆರಡೂ ಅದೇ ಹೊಡ್ತ ತಿಂದು ಅರೆಬರೆ ಆಗಿರ್ತವೆ. ಹೋದ ಎಚ್‌ಆರ್‌ಸಿ ಮೇಲೆ ಹೊರಗಡೆ ತಂತಿ ಸುತ್ತಿ ಹಾಕೋರಿಗೆ ನಾನು ಏನೂ ಹೇಳಲ್ಲ, ಅವರ ಮನೆಯವರಿಗೆ ಹೇಳ್ತೀನಿ.

ಸೋಲಾರ್ ಪಂಪಾದ್ರೆ

ಪ್ಯಾನಲ್ ಕಡೆ ಇರೋದು ಡಿಸಿ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಹಂಗಾಗಿ ಕಿಡಿ ತಾನಾಗಿ ಆರೋ ಚಾನ್ಸೂ ಇಲ್ಲ. ಅಲ್ಲಿ ಎಸಿ ಫ್ಯೂಸ್ ಹಾಕ್ಬೇಡಿ, ಸೋಲಾರಿಗೆ ಅಂತಲೇ ಬರೋ ಡಿಸಿ ಫ್ಯೂಸೇ ಬೇಕು. ಬಿಸಿಲಲ್ಲಿ ಪಂಪ್ ಓಡ್ತಿರುವಾಗ ಫ್ಯೂಸ್ ಹೋಲ್ಡರ್ ಎಳೀಬೇಡಿ, ಎಳೆದಷ್ಟೂ ಕಿಡಿ ಉದ್ದ ಬರತ್ತೆ. ಡಿಸಿ ಸ್ವಿಚ್ ಆಫ್ ಮಾಡಿ ಆಮೇಲೆ.

ಟಿಸಿ ಫ್ಯೂಸ್ ಹೋಗಿದ್ರೆ

ಅಕ್ಕಪಕ್ಕದ ತೋಟದಲ್ಲೂ ಒಂದು ಫೇಸ್ ಇಲ್ಲ ಅಂದ್ರೆ ನಿಮ್ಮ ಫ್ಯೂಸಲ್ಲ, ಟಿಸಿದು. ಕೋಲು ತಗೊಂಡು ಹೋಗ್ಬೇಡಿ. ಮೇಲೆ 11 ಸಾವಿರ ವೋಲ್ಟ್. "ಲೈನ್‌ಮನ್ ಸಂಜೆ ಬರ್ತಾನಂತೆ, ನೀರು ಬೇಕು" ಅಂತ ಹೋದೋರ ಸುದ್ದಿ ಎಲ್ಲಾ ತಾಲ್ಲೂಕಲ್ಲೂ ಇದೆ. 1912ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ಬರ್ಕೊಳಿ.

ಮೆಕ್ಯಾನಿಕ್ಕಿಗೆ ಫೋನ್ ಮಾಡುವಾಗ

"ಮೋಟ್ರು ಓಡ್ತಿಲ್ಲ ಬನ್ನಿ" ಅಂದ್ರೆ ನಾವು ಎಲ್ಲಾ ಸಾಮಾನು ಹೊತ್ಕೊಂಡು ಬರ್ಬೇಕು. ಯಾವ ಫೇಸಿಂದು ಹೋಯ್ತು, ಸ್ವಿಚ್ ಏರಿಸಿದಾಗಲಾ ಸ್ಟಾರ್ಟರ್ ಒತ್ತಿದಾಗಲಾ ಓಡ್ತಾ ಓಡ್ತಾನಾ, ಸದ್ದು ಹೆಂಗಿತ್ತು, ಹಿಂದಿನ ದಿನ ಮಳೆ ಬಂದಿತ್ತಾ, ಇಷ್ಟು ಹೇಳಿ. ಸುಟ್ಟ ತಂತಿನ ಕ್ಯಾರಿಯರ್ ಸಮೇತ ಹಂಗೇ ಪೇಪರಲ್ಲಿ ಸುತ್ತಿ ಇಡಿ, ಇಲ್ಲಾ ಹತ್ರದಿಂದ ಒಂದು ಫೋಟೋ ಹೊಡ್ದು ವಾಟ್ಸಾಪ್ ಮಾಡಿ. ಮೆಗ್ಗರ್ ತರ್ಬೇಕಾ, ಮೋಟ್ರು ಎತ್ತೋರನ್ನ ಕರ್ಕೊಂಡು ಬರ್ಬೇಕಾ, ಇಲ್ಲಾ ಒಂದು ಸ್ಕ್ರೂಡ್ರೈವರ್ ಸಾಕಾ ಅಂತ ಅದರಲ್ಲೇ ಗೊತ್ತಾಗತ್ತೆ.